ಉಜ್ಜಿದರೆ ಹೋಗುವುದು ಕೊಳೆ, ಬಣ್ಣವಲ್ಲ

ಬೇಸಿಗೆ ರಜೆಗೆ ಊರಿಗೆ ಹೋದ ನಮ್ಮೆಲ್ಲರಿಗೂ ಬಾಗಿಲಲ್ಲೇ ಕೇಳಿಬರುವ ಮಾತೊಂದಿದೆ: "ಅಯ್ಯೋ, ಎಷ್ಟು ಕಪ್ಪಾಗಿಬಿಟ್ಟಿದ್ದೀಯಲ್ಲೇ! ಚೆನ್ನಾಗಿ ಉಜ್ಜಿಕೋ, ಎಲ್ಲಾ ಹೋಗುತ್ತೆ." ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತು ನಮ್ಮ ಹಿಂದೆಯೇ ವಿಮಾನ ಹತ್ತಿ ಮಸ್ಕತ್ತಿನ ಬಚ್ಚಲುಮನೆಯವರೆಗೂ ಬರುತ್ತದೆ. ನಮ್ಮ ಗೆಳತಿಯೊಬ್ಬಳು ನಿಂಬೆರಸಕ್ಕೆ ಸಕ್ಕರೆ ಬೆರೆಸಿ ವಾರಗಟ್ಟಲೆ ಕೆನ್ನೆ ತಿಕ್ಕಿಕೊಂಡಳು. ಮೊದಲು ಉರಿ, ಆಮೇಲೆ ಕಂದು ಕಲೆ. ಅವು ಮಾಸಲು ತಿಂಗಳುಗಳೇ ಹಿಡಿದವು. ತರಗತಿಯ ಗ್ರೂಪ್ ಫೋಟೋ ದಿನ ಅವಳು ಬರಲೇ ಇಲ್ಲ. ಅದಕ್ಕೇ ನಾವು ಹತ್ತನೆಯ ತರಗತಿಯ ಕನ್ನಡದ ಹುಡುಗಿಯರೆಲ್ಲ ಸೇರಿ ಇದನ್ನು ಬರೆಯುತ್ತಿದ್ದೇವೆ.

ಜೀವಶಾಸ್ತ್ರದ ಪಾಠ ಸ್ವಲ್ಪ ನೆನಪಿಸಿಕೊಳ್ಳೋಣ. ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದು. ಹೊಸ ಕೋಶಗಳು ಕೆಳಗಿನಿಂದ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಈ ಕೆಲಸ ತಾನಾಗಿಯೇ ನಡೆಯುತ್ತದೆ. ನಾವು ಮಾಡುವುದು ಸಣ್ಣ ಸಹಾಯ ಮಾತ್ರ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಒಳಗಿನ ಜೀವಂತ ಕೋಶಗಳಲ್ಲಿ. ಎಷ್ಟು ಉಜ್ಜಿದರೂ ಅದು ಹೋಗದು. ಅಷ್ಟೇ ಅಲ್ಲ, ನಮ್ಮಂಥ ಕಂದು ಚರ್ಮಕ್ಕೆ ಪೆಟ್ಟಾದರೆ ಅಲ್ಲಿ ಮೆಲನಿನ್ ಇನ್ನೂ ಹೆಚ್ಚುತ್ತದೆ. ಗೆಳತಿಯ ಕೆನ್ನೆಯಲ್ಲಿ ಆದದ್ದು ಇದೇ.

ಹಾಗಾದರೆ ಏನು ಮಾಡಬೇಕು? ಇಲ್ಲಿ ಹೊರಗೆ ಧೂಳು, ಒಳಗೆ ಏಸಿ. ಚರ್ಮ ಒಣಗಿ ಒರಟಾಗುವುದು ನಿಜ. ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ ಚರ್ಮ ನೆನೆಸಿ. ಮುಖಕ್ಕೆ ಒದ್ದೆ ಮಾಡಿದ ಮೆತ್ತನೆಯ ಬಟ್ಟೆ, ಇಲ್ಲವೇ ಜರಡಿ ಹಿಡಿದ ಕಡಲೆಹಿಟ್ಟಿಗೆ ಮೊಸರು ಕಲಸಿದ್ದು ಸಾಕು. ಬೆರಳ ತುದಿಯಿಂದ ಅರ್ಧ ನಿಮಿಷ ವೃತ್ತಾಕಾರವಾಗಿ ಸವರಿ, ತೊಳೆಯಿರಿ. ಟವೆಲಿನಿಂದ ಒತ್ತಿ ಒರೆಸಿ, ತೇವವಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮರೆಯಬೇಡಿ. ಹೊಸದೇನಾದರೂ ಬಳಸುವ ಮುನ್ನ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಮೈಗೆ, ಅಜ್ಜಿ ಬಚ್ಚಲಲ್ಲಿ ನೇತುಹಾಕುತ್ತಿದ್ದ ಒಣಗಿದ ತುಪ್ಪದ ಹೀರೆಕಾಯಿಯ ನಾರು ಒಳ್ಳೆಯದು. ಅದೇ ಇಲ್ಲಿನ ಅಂಗಡಿಯ ಲೂಫಾ. ಆ ಹೆಸರು ಬಂದಿರುವುದೇ ಅರಬ್ಬಿ ಭಾಷೆಯಿಂದ! ಬಳಸಿದ ಮೇಲೆ ಚೆನ್ನಾಗಿ ಒಣಗಿಸಿ, ತಿಂಗಳಿಗೊಮ್ಮೆ ಬದಲಿಸಿ. ಒದ್ದೆಯಾಗಿಯೇ ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಮನೆಯಾಗುತ್ತದೆ.

ಮುಖಕ್ಕೆ ನಿಂಬೆರಸ, ಅಡುಗೆ ಸೋಡಾ, ಸಕ್ಕರೆ ಹರಳು ಬೇಡವೇ ಬೇಡ. ನಿಂಬೆ ಅತಿ ಹುಳಿ, ಸೋಡಾ ಕ್ಷಾರ. ಎರಡೂ ಚರ್ಮಕ್ಕೆ ಒಗ್ಗುವುದಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಮೊಡವೆ, ಗಾಯ, ಎಕ್ಸಿಮಾ, ಬಿಸಿಲಿಗೆ ಸುಟ್ಟ ಜಾಗ ಇವನ್ನು ಉಜ್ಜಬೇಡಿ, ವೈದ್ಯರಿಗೆ ತೋರಿಸಿ. ಉರಿ ಶುರುವಾದರೆ ಅಲ್ಲಿಗೇ ನಿಲ್ಲಿಸಿ.

'ಫೇರ್ ಅಂಡ್ ಲವ್ಲಿ' ಎಂಬ ಹೆಸರು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಎಂದಾಯಿತು. ಡಬ್ಬಿಯ ಮೇಲಿನ ಪದ ಬದಲಾದಷ್ಟು ಸುಲಭವಾಗಿ ಮನೆಮಾತು ಬದಲಾಗುವುದಿಲ್ಲ. ಅದನ್ನು ನಾವೇ ಶುರುಮಾಡಬೇಕು. ತಂಗಿಯರೇ, ತಮ್ಮಂದಿರೇ, ಚರ್ಮ ನುಣುಪಾಗಲಿ, ಆರೋಗ್ಯವಾಗಿರಲಿ. ಬಣ್ಣ ಅಪ್ಪ ಅಮ್ಮ ಕೊಟ್ಟದ್ದು. ಅದು ಕೊಳೆಯಲ್ಲ, ತೊಳೆಯುವುದಕ್ಕೆ.