ಮೂರೇ ಪ್ರಾಣ

ಮಲೆನಾಡಿನಲ್ಲಿ ಮಳೆಗಾಲವನ್ನು ಕಳೆಯುವುದು ಒಂದು ವಿದ್ಯೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರ ಮನೆಗಳಲ್ಲಿ ಈ ವಿದ್ಯೆಗೆ ಬೇಕಾದ ಉಪಕರಣಗಳು ತಲೆಮಾರುಗಳಿಂದ ಸಿದ್ಧವಾಗಿದ್ದವು: ಗಂಡಸರಿಗೆ ಜಗಲಿಯ ಮೇಲೆ ಕವಳದ ತಟ್ಟೆ, ಇಸ್ಪೀಟಿನ ಕಟ್ಟು, ಹೆಂಗಸರಿಗೂ ಮಕ್ಕಳಿಗೂ ಅಳಗುಳಿಮಣೆ, ಪಗಡೆ. ೧೯೯೦ರ ದಶಕದಲ್ಲಿ ಈ ಪಂಕ್ತಿಗೆ ಕರೆಯದೆ ಬಂದು ಕುಳಿತ ಅತಿಥಿಯೊಂದುಂಟು. ಅದೇ ವಿಡಿಯೋ ಗೇಮಿನ ಪೆಟ್ಟಿಗೆ.

ಪೆಟ್ಟಿಗೆಯ ಮೂಲ ಜಪಾನು. ನಿಂಟೆಂಡೊ ಸಂಸ್ಥೆ ೧೯೮೩ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಯಂತ್ರದ ತದ್ರೂಪುಗಳು ಈ ದೇಶದ ಪೇಟೆಗಳಲ್ಲಿ ಅಗ್ಗಕ್ಕೆ ಸಿಗತೊಡಗಿದ್ದವು. ಹುಬ್ಬಳ್ಳಿಯ ಅಂಗಡಿಯಿಂದಲೋ ಮುಂಬಯಿಯ ನೆಂಟರ ಕೈಯಿಂದಲೋ ಅವು ಘಟ್ಟದ ಹಳ್ಳಿಗಳನ್ನು ಸೇರಿದವು. ಜತೆಗೆ ಬಂದ ಕ್ಯಾಸೆಟ್ಟಿನ ಮೇಲೆ ೯೯೯೯ ಆಟಗಳೆಂದು ಬರೆದಿರುತ್ತಿತ್ತು. ಎಣಿಸಿ ನೋಡಿದವರಿಗೆ ಸಿಕ್ಕುತ್ತಿದ್ದುದು ಹತ್ತಿಪ್ಪತ್ತು. ಉಳಿದುವೆಲ್ಲ ಅವುಗಳದೇ ಪುನರವತಾರ! ಆದರೂ ಮಕ್ಕಳಾರೂ ಕೊರಗಲಿಲ್ಲ. ಆ ಹತ್ತಿಪ್ಪತ್ತೇ ಒಂದು ಬಾಲ್ಯಕ್ಕೆ ಸಾಕಾಗಿದ್ದವು.

ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ಅಂಥ ಒಂದು ಮನೆ. ಅಣ್ಣನಿಗೆ ಆಗ ಹನ್ನೆರಡು, ತಂಗಿಗೆ ಹತ್ತು. ಜೋಗದಲ್ಲಿ ೧೯೪೮ರಿಂದಲೂ ವಿದ್ಯುತ್ತು ಹುಟ್ಟುತ್ತಿದೆಯಷ್ಟೆ. ಆ ಜಲಪಾತಕ್ಕೆ ನೆರೆಯವರಾಗಿಯೂ ಆ ಮನೆಯವರು ಆಷಾಢದಲ್ಲಿ ಚಿಮಣಿ ದೀಪವನ್ನು ಕೈಗೆಟಕುವಲ್ಲೇ ಇಟ್ಟಿರುತ್ತಿದ್ದರು. ಎಲ್ಲೋ ತಂತಿಯ ಮೇಲೆ ಮರದ ಕೊಂಬೆ ಮುರಿದು ಬೀಳುವುದು, ಇಲ್ಲಿ ಏಳನೆಯ ಲೋಕದವರೆಗೆ ಏರಿದ್ದ ಮಾರಿಯೋ ಕತ್ತಲಲ್ಲಿ ಕರಗುವುದು. ಆಟವನ್ನು ಉಳಿಸಿಡುವ ಉಪಾಯ ಅದರಲ್ಲಿರಲಿಲ್ಲ. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ.

ಹೀಗಾಗಿ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ಮಜಲು ಆ ಮಕ್ಕಳಿಗೆ ಬಾಯಿಪಾಠವಾಗಿತ್ತು. ಶಿಗೆರು ಮಿಯಾಮೊಟೊ ಎಂಬವನು ೧೯೮೫ರಲ್ಲಿ ರೂಪಿಸಿದ ಈ ಆಟದ ಹಿರಿಮೆಯೆಲ್ಲ ಆ ಮೊದಲ ಕ್ಷಣಗಳಲ್ಲೇ ಇದೆ ಎಂದರೆ ತಪ್ಪಾಗದು. ಪರದೆಯ ಮೇಲೆ ಸೂಚನೆಯಿಲ್ಲ, ಉಪದೇಶವಿಲ್ಲ. ಎಡಗಡೆ ನಿಂತ ಮಾರಿಯೋ; ಬಲಗಡೆ ಬಯಲು; ಆದ್ದರಿಂದ ಬಲಕ್ಕೆ ನಡೆಯಬೇಕು. ಎದುರಿನಿಂದ ಅಣಬೆಯಂಥ ಪ್ರಾಣಿಯೊಂದು ಬರುತ್ತದೆ; ಹಾರದಿದ್ದರೆ ಸಾವು. ಹಾರಿದಾಗ ತಲೆ ಮೇಲಿನ ಇಟ್ಟಿಗೆಗೆ ಬಡಿದು ಅದರ ಗುಟ್ಟೂ ತಿಳಿಯುತ್ತದೆ. ಇಂಗ್ಲಿಷಿನ ಅಕ್ಷರ ತಿಳಿಯದ ಅಜ್ಜಿಗೂ ಇದು ಒಂದೇ ನೋಟಕ್ಕೆ ಅರ್ಥವಾಗಿತ್ತು.

ಇಷ್ಟೆಲ್ಲ ಅಡಗಿದ್ದುದು ೪೦ ಕಿಲೋಬೈಟುಗಳಲ್ಲಿ! ಇಂದು ಫೋನಿನಲ್ಲಿ ಹಿಡಿದ ಒಂದೇ ಒಂದು ಚಿತ್ರ ಅದರ ಹತ್ತಾರು ಪಟ್ಟು ಜಾಗ ಬೇಡುತ್ತದೆ. ಆಟದ ಆಕಾಶದಲ್ಲಿ ತೇಲುವ ಮೋಡವೂ ನೆಲದ ಮೇಲಿನ ಪೊದೆಯೂ ವಾಸ್ತವವಾಗಿ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದೇ ಹಲಸಿನಕಾಯಿಯಿಂದ ಪಲ್ಯ, ಹುಳಿ, ಹಪ್ಪಳಗಳನ್ನೆಬ್ಬಿಸುವ ಮಲೆನಾಡಿನ ಗೃಹಿಣಿ ಈ ಮಿತವ್ಯಯವನ್ನು ಮೆಚ್ಚದಿರುವಳೆ?

ಆ ಮನೆಯ ಗೃಹಿಣಿ ಮೆಚ್ಚಿದ್ದು ಮಾತ್ರ ಬೇರೊಂದನ್ನು. ಮಾರಿಕಾಂಬಾ ಜಾತ್ರೆಯಲ್ಲಿ ಮಗ ಹಟ ಹಿಡಿದು ಕೊಂಡ ಅಂಗೈಯಗಲದ ಯಂತ್ರದಲ್ಲಿ ‘ಟೆಟ್ರಿಸ್’ ಇತ್ತು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಹೂಡಿದ ಆಟವದು. ನಾಲ್ಕು ನಾಲ್ಕು ಚೌಕಗಳ ಏಳು ಆಕೃತಿಗಳು ಒಂದೊಂದಾಗಿ ಇಳಿಯುತ್ತವೆ, ಎಡೆ ಬಿಡದಂತೆ ಅಡಕಬೇಕು. ಮಳೆಗೆ ಮುನ್ನ ಕಟ್ಟಿಗೆ ಒಟ್ಟಿ ಪಳಗಿದ ಕೈಗೆ ಇದನ್ನು ಯಾರು ಕಲಿಸಬೇಕು? ರಾತ್ರಿ ಅಡಿಗೆಮನೆ ತೊಳೆದಾದ ಮೇಲೆ ಆ ಯಂತ್ರ ಆಯಿಯ ಸೊತ್ತು. ಮಕ್ಕಳಿಗೆ ಅದರ ಮೇಲೆ ಅಧಿಕಾರವಿರಲಿಲ್ಲ.

ಅಜ್ಜನದು ವಿಮರ್ಶಕನ ಪಾತ್ರ. ಕೊನಾಮಿ ಸಂಸ್ಥೆಯ ‘ಕಾಂಟ್ರಾ’ದಲ್ಲಿ ಇರುವುದು ಮೂರೇ ಪ್ರಾಣ, ಆದರೆ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ ಎಂದು ಒತ್ತಿ ಕೊನೆಗೆ ಎರಡು ಗುಂಡಿಗಳನ್ನು ಅದುಮಿದರೆ ಮೂವತ್ತಾಗುತ್ತಿತ್ತು. ಇಂಟರ್‌ನೆಟ್ಟಿನ ಗಂಧವಿಲ್ಲದ ಯಲ್ಲಾಪುರದ ಹುಡುಗರಿಗೂ ಶಿರಸಿಯ ಹುಡುಗರಿಗೂ ಈ ಮಂತ್ರ ಗುರುಮುಖೇನ ಬಂದ ವೇದದಂತೆ ಅಕ್ಷರ ತಪ್ಪದೆ ಬರುತ್ತಿತ್ತು. ಅಜ್ಜನಿಗೆ ಇದು ಹಿಡಿಸಲಿಲ್ಲ. “ಮೂರು ಪ್ರಾಣದಲ್ಲಿ ಆಡಲೆ ಬರದಿದ್ದವಂಗೆ ಮೂವತ್ತು ಕೊಟ್ರೂ ಅಷ್ಟೇಯಾ, ಮಾಣಿ” ಎಂದು ಇಸ್ಪೀಟಿನ ಎಲೆ ಕಲೆಸುತ್ತ ಹೇಳಿದ್ದುಂಟು. ಇಂದಿನ ಫೋನಿನ ಆಟಗಳು ಸೋತವನಿಗೆ ಹಣ ಪಡೆದು ಪ್ರಾಣ ಮಾರುತ್ತವೆ. ಅಜ್ಜ ಅದನ್ನು ನೋಡದೆ ಹೋದದ್ದೇ ಒಳ್ಳೆಯದಾಯಿತು.

ಅಣ್ಣ-ತಂಗಿಯರ ನಿಜವಾದ ಆಟವೆಂದರೆ ‘ಬ್ಯಾಟಲ್ ಸಿಟಿ’. ನಾಮ್ಕೊ ಸಂಸ್ಥೆಯ ೧೯೮೫ರ ಈ ಆಟದಲ್ಲಿ ಪರದೆಯ ತಳದಲ್ಲಿ ಇಟ್ಟಿಗೆ ಗೋಡೆಯೊಳಗೆ ಒಂದು ಹಕ್ಕಿ. ಮೇಲಿನಿಂದ ಪ್ರತಿ ಮಜಲಿನಲ್ಲೂ ಇಪ್ಪತ್ತು ಶತ್ರು ಟ್ಯಾಂಕುಗಳು. ಇಬ್ಬರು ಕೂಡಿ ಹಕ್ಕಿಯನ್ನು ಕಾಯಬೇಕು. ಸೊಗಸೆಂದರೆ, ಜತೆಗಾರನ ಗುಂಡು ತಾಗಿದರೆ ಟ್ಯಾಂಕು ಕೆಲಹೊತ್ತು ಸ್ತಬ್ಧ. ಕಾಯುವವನ ಗುಂಡು ತಾಗಿದರೂ ಹಕ್ಕಿ ಸಾಯುತ್ತದೆ. ಶತ್ರುವಿಗಿಂತ ಹೆಚ್ಚು ಎಚ್ಚರಿಕೆ ಜತೆಗಾರನ ವಿಷಯದಲ್ಲಿ ಬೇಕೆಂಬುದು ಯುದ್ಧದ ಆಟದಲ್ಲಿ ಅಪರೂಪದ ನಿಯಮವಲ್ಲವೆ? ಅಣ್ಣ ಮುಂದಕ್ಕೆ ನುಗ್ಗುವವನು, ತಂಗಿ ಹಕ್ಕಿಯ ಬಳಿ ನಿಲ್ಲುವವಳು.

ಬೇಕಾದಂತೆ ರಣರಂಗವನ್ನು ಕಟ್ಟಿಕೊಳ್ಳುವ ಅವಕಾಶವೂ ಅದರಲ್ಲಿತ್ತು. ತಂಗಿ ಒಂದು ಮಧ್ಯಾಹ್ನ ಕುಳಿತು ಮನೆಯ ತೋಟವನ್ನೇ ಕಟ್ಟಿದಳು: ನೀರಿನ ಚೌಕಗಳಿಂದ ಹಳ್ಳ, ಹಸಿರಿನಿಂದ ಸೊಪ್ಪಿನ ಬೆಟ್ಟ, ಇಟ್ಟಿಗೆಯಿಂದ ಅಗಳದ ದರೆ, ಮನೆಯಿರುವಲ್ಲಿ ಹಕ್ಕಿ. ಹಳ್ಳದ ತಿರುವೂ ತಪ್ಪಿರಲಿಲ್ಲ. ಸಂಜೆ ಕರೆಂಟು ಹೋಯಿತು. ತೋಟವೂ ಹೋಯಿತು.

ಇದಾಗಿ ಮೂರು ದಶಕಗಳು ಸಮೀಪಿಸಿವೆ. ಅಣ್ಣ ಬೆಂಗಳೂರಿನಲ್ಲಿ, ತಂಗಿಯನ್ನು ಯಲ್ಲಾಪುರದ ಕಡೆ ಕೊಟ್ಟಿದೆ. ತಂದೆಯ ವರ್ಷದ ಶ್ರಾದ್ಧಕ್ಕೆ ಇಬ್ಬರೂ ಬಂದಾಗ ಹಿಸ್ಸೆಯ ಮಾತು ಎಲ್ಲರ ಮನಸ್ಸಿನಲ್ಲಿತ್ತು, ನಾಲಗೆಯ ಮೇಲಿರಲಿಲ್ಲ. ಮಗಳಿಗೂ ಮಗನಷ್ಟೇ ಪಾಲೆಂದು ಕಾನೂನು ೨೦೦೫ರಲ್ಲೇ ಹೇಳಿದೆ. ಕಾನೂನು ಹೇಳಿದ್ದನ್ನು ತವರಿನ ಜಗಲಿಯಲ್ಲಿ ಬಾಯಿಬಿಟ್ಟು ಕೇಳುವುದು ಬೇರೆಯೇ ಸಂಗತಿ. ಊಟವಾದ ಮೇಲೆ ಇಬ್ಬರೂ ಎರಡು ಕಂಬಗಳಿಗೊರಗಿ ಮೌನವಾಗಿದ್ದರು.

ಅವಳ ಮಗ ಅಟ್ಟದಲ್ಲಿ ಆ ಪೆಟ್ಟಿಗೆಯನ್ನು ಕಂಡ. ಹೊಸ ಟಿ.ವಿ.ಗೆ ಅದರ ತಂತಿ ಕೂಡಲಿಲ್ಲ. ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಆಟವನ್ನು ಹುಡುಕಿ ತೆಗೆದು ಮಾವನ ಮುಂದೂ ತಾಯಿಯ ಮುಂದೂ ಇಟ್ಟ. ಒಂದೇ ಕೀಲಿಮಣೆಯ ಮೇಲೆ ನಾಲ್ಕು ಕೈ. ಅಣ್ಣ ಮುಂದಕ್ಕೆ ನುಗ್ಗಿದ; ತಂಗಿ ಹಕ್ಕಿಯ ಬಳಿ ನಿಂತಳು. ಮೂರನೆಯ ಮಜಲಿನಲ್ಲಿ ಅಣ್ಣನ ಗುಂಡೇ ಹಕ್ಕಿಗೆ ತಾಗಿ ಆಟ ಮುಗಿಯಿತು. ತಂಗಿ ಬಿದ್ದು ಬಿದ್ದು ನಕ್ಕಳು.

ಹಿಸ್ಸೆಯ ಮಾತು ಆ ದಿನ ಬರಲಿಲ್ಲ. ಮರುದಿನ ಬೆಳಿಗ್ಗೆ ಬಂತು. ಕಾಗದ ಹರಡಿದ್ದಾಯಿತು. ತೋಟದ ನಕ್ಷೆ ಬರೆಯಬೇಕಾದಾಗ ಅಣ್ಣ ಪೆನ್ಸಿಲನ್ನು ಅವಳ ಕಡೆ ಸರಿಸಿದ.

“ನೀನೇ ಬರೆ, ತಂಗೀ. ಹಳ್ಳ ಎಲ್ಲಿ ತಿರುಗ್ತು ಹೇಳಿ ನಿಂಗೇ ಗೊತ್ತಿದ್ದು.”