ಜಗುಲಿಯ ಮಾತು, ಹಿತ್ತಲಿನ ಮಾತು

ವಾಚಕ ಮಹಾಶಯರೇ, ತಮ್ಮಲ್ಲಿ ಬಹುಮಂದಿ ವಿದ್ಯಾರ್ಥಿದೆಸೆಯಲ್ಲಿ ಪ್ರಸಾದ ನಿಲಯದ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಇಂದು ಅದೇ ಗೆಳೆಯರೊಡನೆ ವಾಟ್ಸಾಪಿನ ಬಳಗದಲ್ಲಿ ಕೂಡಿಕೊಂಡಿರುವವರು. ಅಂತಹುದೊಂದು ಬಳಗದಲ್ಲಿ ನಾನೂ ಇದ್ದೇನೆ. ಎರಡುನೂರಕ್ಕೂ ಮಿಕ್ಕ ಗಂಡಸರು. ನಸುಕಿನಿಂದಲೇ ಶುಭೋದಯದ ಹೂಗಳು, ರಾಜಕೀಯದ ವಾಗ್ವಾದ, ಯಾರೋ ಬರೆದು ಯಾರೋ ಕಳುಹಿಸಿದ ವೈದ್ಯೋಪದೇಶಗಳು ಸುರಿಯತೊಡಗುತ್ತವೆ. ಸ್ವಂತದ ಮಾತು ಮಾತ್ರ ವಿರಳ. ಸಹಪಾಠಿಯೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಸಂಗತಿ ತಿಂಗಳವರೆಗೆ ನಮಗಾರಿಗೂ ತಿಳಿಯಲಿಲ್ಲ. ಆ ತಿಂಗಳಿಡೀ ಅವರಿಂದ ಸುಭಾಷಿತಗಳೇನೋ ತಪ್ಪದೆ ಬರುತ್ತಿದ್ದವು!

ನನಗೆ ಸುದ್ದಿ ಮುಟ್ಟಿದ್ದು ನಮ್ಮ ಮನೆಯವರಿಂದ. ಅವರದು ಎಂಟು ಮಂದಿ ಹೆಣ್ಣುಮಕ್ಕಳ ಬಳಗ. ಯಾವುದೋ ಮದುವೆಗೆ ರೊಟ್ಟಿ ಮಾಡುವ ಪಾಲು ಹಂಚಿಕೊಳ್ಳಲೆಂದು ಹುಟ್ಟಿದ್ದು ಇನ್ನೂ ಉಳಿದಿದೆ. ಆಸ್ಪತ್ರೆಗೆ ಬುತ್ತಿ ಒಯ್ಯುವವರು ಯಾರು, ರಾತ್ರಿ ಜೊತೆಗಿರುವವರು ಯಾರು ಎಂಬುದೆಲ್ಲ ಅಲ್ಲಿ ಆಗಲೇ ನಿಶ್ಚಯವಾಗಿತ್ತು. ಅಲ್ಲಿ ಅಕ್ಷರಕ್ಕಿಂತ ಧ್ವನಿಯೇ ಹೆಚ್ಚು. ಒಲೆಯ ಮುಂದೆ ನಿಂತೇ ಮಾತನಾಡಿ ಕಳುಹಿಸುತ್ತಾರೆ. ಕುಕ್ಕರಿನ ಸೀಟಿಯೂ ಕೇಳಿಸುತ್ತದೆ.

ಗಂಡಸಿಗೆ ಜಗುಲಿ, ಹೆಂಗಸಿಗೆ ಹಿತ್ತಲು. ಇದು ಅವರವರ ಸ್ವಭಾವ ಎಂದು ತಾವು ಹೇಳಬಹುದು. ನಾನು ಒಪ್ಪಲಾರೆ. ಆ ಎಂಟು ಮಂದಿಯಲ್ಲಿ ಆರು ಮಂದಿ ತಮ್ಮ ಭಾವಚಿತ್ರದ ಸ್ಥಾನದಲ್ಲಿ ದಾಸವಾಳವನ್ನೋ ಮೊಮ್ಮಗನ ಮುಖವನ್ನೋ ಇರಿಸಿದ್ದಾರೆ. ಇದನ್ನು ಬರಿಯ ಸಂಕೋಚವೆಂದು ತಳ್ಳಿಹಾಕುವಂತಿಲ್ಲ. ಚಿತ್ರ ದುರುಪಯೋಗವಾದೀತೆಂಬ ಭಯದಿಂದ ಭಾರತದ ಅನೇಕ ಸ್ತ್ರೀಯರು ಮುಖ ತೋರಿಸುತ್ತಿಲ್ಲವೆಂದು ಕಂಡುಕೊಂಡೇ ಫೇಸ್‌ಬುಕ್ ಸಂಸ್ಥೆಯು 2017ರಲ್ಲಿ ಚಿತ್ರಕ್ಕೆ ಕಾವಲಿಡುವ ಏರ್ಪಾಡನ್ನು ನಮ್ಮ ದೇಶದಲ್ಲಿ ತಂದಿತು. 2020ರಲ್ಲಿ ಇಡೀ ಪುಟಕ್ಕೇ ಬೀಗ ಹಾಕುವ ಅನುಕೂಲವನ್ನೂ ಒದಗಿಸಿತು. ಇನ್ನು ಈ ಹೊಸ್ತಿಲವರೆಗೂ ಬಾರದವರ ಮಾತು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದವರು ಗಂಡಸರಲ್ಲಿ ಶೇಕಡಾ 57, ಹೆಂಗಸರಲ್ಲಿ ಶೇಕಡಾ 33 ಮಾತ್ರ.

ನಮ್ಮ ಅಣ್ಣನ ಮಗಳು ಶಾಲಾ ಶಿಕ್ಷಕಿ, ಸೊಗಸಾಗಿ ಬರೆಯುತ್ತಾಳೆ. ಒಮ್ಮೆ ಫೇಸ್‌ಬುಕ್ಕಿನಲ್ಲಿ, ಎಲ್ಲರಿಗೂ ಕಾಣುವಂತೆ, ತನ್ನ ಚಿತ್ರದೊಡನೆ ಬಾಲ್ಯದ ಸುಗ್ಗಿಯನ್ನು ಕುರಿತು ಬರೆದಳು. ಅದರ ಕೆಳಗೆ ಬಂದ ಮೊದಲನೆಯ ಮಾತು ಅವಳ ಉಡುಪನ್ನು ಕುರಿತದ್ದು. ಎರಡನೆಯದನ್ನು ಇಲ್ಲಿ ಬರೆಯಲಾಗದು. ಬರೆದವರಿಬ್ಬರೂ ಅಪರಿಚಿತರು, ವಯಸ್ಸಾದವರು. ಸಂಜೆಯೊಳಗೆ ಅವಳು ಎಲ್ಲವನ್ನೂ ಅಳಿಸಿಹಾಕಿದಳು. ಈಗ ಬರೆದುದನ್ನು ಓದಿ, ಧ್ವನಿಯಾಗಿ ಆ ಎಂಟು ಮಂದಿಯ ಬಳಗಕ್ಕಷ್ಟೇ ಕಳುಹಿಸುತ್ತಾಳೆ. ಕಳೆದ ತಿಂಗಳು ಜೋಳದ ರಾಶಿಯ ವಿಷಯ ಓದಿದ್ದಳು. ನಮ್ಮ ಮನೆಯವರು ನನಗೆ ಎರಡು ಸಲ ಕೇಳಿಸಿದರು. ನಮ್ಮ ಬಳಗದ ಎರಡುನೂರು ಮಂದಿಯಲ್ಲಿ ಯಾರೂ ಹಾಗೆ ಬರೆದದ್ದನ್ನು ನಾನು ಕಂಡಿಲ್ಲ.

"ಇದನ್ನು ನಮ್ಮವರಿಗೂ ಕಳುಹಿಸಲೇನವ್ವ?" ಎಂದು ಫೋನಿನಲ್ಲಿ ಕೇಳಿದೆ. ತುಸು ಹೊತ್ತು ಸುಮ್ಮನಿದ್ದಳು.

"ಬರೆದದ್ದನ್ನ ಕಳಿಸ್ರಿ ಕಾಕಾ, ನನ್ನ ದನಿ ಬ್ಯಾಡ. ಹೆಸರೂ ತಗದುಬಿಡ್ರಿ" ಎಂದಳು.

ನಾನಿನ್ನೂ ಕಳುಹಿಸಿಲ್ಲ.