ಕೋಳಿಯ ಅಂಗಾಲು

ಕೋಳಿ ತುಳಿದು ಮರಿ ಸಾಯುತ್ತದೆಯೇ ಅಂತ ನಮ್ಮಲ್ಲೊಂದು ಗಾದೆ. ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಆ ಪಾದವನ್ನು ಮಗುಚಿ ನೋಡಿದ್ದು ಹೋದ ಮಳೆಗಾಲದಲ್ಲೇ.

ಮೊದಲು ಕಂಡದ್ದು ಅತ್ತಿಗೆಗೆ. ಒದ್ದೆ ಅಂಗಳದಲ್ಲಿ ನಮ್ಮ ಗಿರಿರಾಜ ಹೇಂಟೆಯ ಒಂದು ಹೆಜ್ಜೆ ಆಳವಾಗಿ ಮೂಡಿದರೆ, ಇನ್ನೊಂದರಲ್ಲಿ ಬರೀ ಬೆರಳ ತುದಿ. "ಅದರ ಕಾಲಡಿ ನೋಡಿದ್ಯಾ?" ಅಂದರು. ಹಿಡಿದು ನೋಡಿದರೆ ಅಂಗಾಲು ಉಬ್ಬಿ ಬಿಸಿಯಾಗಿದೆ, ನಡುವೆ ಕಪ್ಪು ಹಕ್ಕಳೆ. ಕಾಳು ತಿನ್ನುವುದನ್ನು ಅದು ಒಂದು ದಿನವೂ ಬಿಟ್ಟಿರಲಿಲ್ಲ. ನೋವು ತೋರಿಸಿದ ಹಕ್ಕಿಯನ್ನು ನರಿಯೋ ಗಿಡುಗವೋ ಮೊದಲು ಹಿಡಿಯುತ್ತದೆ. ಅದಕ್ಕೇ ಕೋಳಿ ಕಡೇತನಕ ನೋವು ಬಚ್ಚಿಡುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಗೂಡಿನಲ್ಲಿ ಕೂರಲು ಎದೆಯೆತ್ತರಕ್ಕೆ ಅಡಿಕೆ ದಬ್ಬೆ ಕಟ್ಟಿದ್ದೆವು. ದಬ್ಬೆಯ ಅಂಚು ಚೂಪು, ಸಿಬಿರು ಬೇರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ನಾಟಿ ಕೋಳಿಗಿಂತ ಭಾರದ ಹಕ್ಕಿ. ಅಷ್ಟೆತ್ತರದಿಂದ ಧುಮುಕಿದರೆ ಪೆಟ್ಟೆಲ್ಲ ಅಂಗಾಲಿಗೇ. ಸಣ್ಣದೊಂದು ಗೀರು ಸಾಕು, ಒದ್ದೆ ಹಿಕ್ಕೆಯೊಳಗಿನ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ.

ಕೋಳಿ ಕುಂಟಿದರೆ ಸಾರಿಗೆ ಅನ್ನುವುದು ಊರ ರೂಢಿ. ನಮಗೆ ಮನಸ್ಸು ಬರಲಿಲ್ಲ. ಹಳೇ ಟವೆಲಿನಲ್ಲಿ ಕಣ್ಣೂ ಮುಚ್ಚುವಂತೆ ಸುತ್ತಿದೆ; ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಸಾಲ್ಟ್ ಹಾಕಿ ಹದಿನೈದು ನಿಮಿಷ ಕಾಲು ನೆನೆಸಿದೆ. ಹಕ್ಕಳೆ ಮೆತ್ತಗಾಯಿತು. ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಇಟ್ಟು, ಬೆರಳುಗಳ ಸಂದಿಯಿಂದ ಪಟ್ಟಿ ತಂದು ಸಡಿಲವಾಗಿ ಸುತ್ತಿದೆ. ದಿನಾ ಬಿಚ್ಚುವುದು, ನೆನೆಸುವುದು, ಹೊಸ ಪಟ್ಟಿ. ನಾಲ್ಕನೇ ದಿನ ಹಕ್ಕಳೆ ತಾನಾಗಿ ಕಳಚಿ, ಜೊತೆಗೆ ಅವರೆಕಾಳಿನಷ್ಟು ಗಟ್ಟಿ ಕೀವು ಬಂತು. ಹಕ್ಕಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಒಡೆದ ಹಾಲಿನ ಗಟ್ಟಿಯಂತೆ ಕೂತಿರುತ್ತದೆ. ಹಿಂಡಿದರೆ ಬರುವುದಿಲ್ಲ, ಸೋಂಕು ಒಳಕ್ಕೇ ಸರಿಯುತ್ತದೆ. ಬ್ಲೇಡು ಹಿಡಿದು ಕೊರೆಯುವುದಂತೂ ಬೇಡವೇ ಬೇಡ. ಬಾವು ಕಾಲಿನ ಮೇಲಕ್ಕೆ ಏರಿದರೆ, ಹಕ್ಕಿ ಕೂತಲ್ಲಿಂದ ಏಳದಿದ್ದರೆ ಪಶುವೈದ್ಯರ ಬಳಿಗೇ ಒಯ್ಯಬೇಕು; ಅವರು ಆ್ಯಂಟಿಬಯೋಟಿಕ್ ಕೊಟ್ಟರೆ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಕೇಳಿಕೊಳ್ಳಬೇಕು. ಈ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಕೈಗವಸು, ಆಮೇಲೆ ಸೋಪು, ಎರಡನ್ನೂ ಮರೆಯಬಾರದು.

ಮದ್ದಿಗಿಂತ ದೊಡ್ಡ ಕೆಲಸ ಗೂಡಿನದು. ದಬ್ಬೆ ಕಿತ್ತು, ನಯವಾದ ದುಂಡನೆ ಗಳುವನ್ನು ಮೊಣಕಾಲೆತ್ತರಕ್ಕೆ ಇಳಿಸಿದೆವು. ಒದ್ದೆ ತರಗು ಬಳಿದು ಒಣ ಭತ್ತದ ಹೊಟ್ಟು ಹಾಸಿದೆವು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರುವಂತಾಗಬಾರದಲ್ಲ, ಈಗ ಸಂಜೆ ಗೂಡು ಮುಚ್ಚುವಾಗ ವಾರಕ್ಕೊಮ್ಮೆ ಒಂದೊಂದನ್ನೇ ಎತ್ತಿ ಟಾರ್ಚ್ ಬೆಳಕಿನಲ್ಲಿ ಅಂಗಾಲು ನೋಡುತ್ತೇನೆ. ಇಷ್ಟು ವರ್ಷ ಎಣಿಸಿದ್ದು ಮೊಟ್ಟೆ ಮಾತ್ರ.

ಮೂರು ವಾರ ಕಳೆದು ಪಟ್ಟಿ ಬಿಚ್ಚಿದ ಮರುದಿನ ಜೋರು ಮಳೆ. ಬೆಳಿಗ್ಗೆ ಅತ್ತಿಗೆ ಕೂಗಿ ಕರೆದರು. ಕೆಸರಿನಲ್ಲಿ ತಿಪ್ಪೆಯ ತನಕ ಎರಡೂ ಹೆಜ್ಜೆ ಸಮನಾಗಿ ಮೂಡಿದ್ದವು.